ಹುನಗುಂದದ ಎರಿ, ಫಿನ್ಲೆಂಡಿನ ಹಿಮ, ಒಂದೇ ಟೈರು

ಇಳಕಲ್ಲಿನ ಮಂದಿಗೆ ಹಿಮ ಅಂದರೆ ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಕಟ್ಟಿಕೊಳ್ಳುವುದು, ಅಷ್ಟೇ. ಅಂಥ ಊರಿನ ಹೆದ್ದಾರಿ ಬದಿಯಲ್ಲಿ, ಟೈರ್ ಅಂಗಡಿಯ ಮುಂದೆ ನಿಂತಿದ್ದ ಥಾರ್ ಗಾಡಿಯ ಹಿಂಬಾಗಿಲಿಗೆ ನೇತುಬಿದ್ದ ಸ್ಟೆಪ್ನಿಯನ್ನು ಹೆಬ್ಬೆರಳಿನಿಂದ ಉಜ್ಜಿದೆ. ಗ್ರಾನೈಟ್ ಧೂಳು ಸರಿದು ಅಕ್ಷರಗಳು ಮೂಡಿದವು: 255/65 ಆರ್ 18. ಅದರಾಚೆ ಪುಟ್ಟದಾಗಿ, ಎಂ+ಎಸ್. ಇದೇನೆಂದು ಅಂಗಡಿಯವರನ್ನು ಕೇಳಿದೆ.

“ಎಂ ಅಂದ್ರ ಮಡ್ ರೀ, ರಾಡಿ. ಎಸ್ ಅಂದ್ರ ಸ್ನೋ. ನಮ್ಮ ಕಡೆ ಎಸ್ ಎಲ್ಲಿಂದ ತರೂಣ್ರಿ? ಎಂ ಏನ್ ಬೇಕಾದಷ್ಟೈತಿ. ಮಳಿ ಬಂದ ಮರುದಿನ ಹುನಗುಂದದ ಹೊಲಕ್ಕ ಹೋಗಿ ನೋಡ್ರಿ.”

ಹಿಮ! ಅದೂ ನಮ್ಮ ಕೃಷ್ಣೆ–ಮಲಪ್ರಭೆಯರ ಸೀಮೆಯಲ್ಲಿ, ರಾಡಿಯ ಜೊತೆ ಕೈ ಕೈ ಹಿಡಿದುಕೊಂಡು, ಒಂದೇ ರಬ್ಬರಿನ ಮೇಲೆ! ದೊಡ್ಡ ಎಸ್‌ಯುವಿ ಇರುವವರು ಟೈರ್ ಆರಿಸುವಾಗ ಈ ಅಕ್ಷರಗಳನ್ನು ನೋಡುವುದೇ ಇಲ್ಲ, “ಗಟ್ಟಿಮುಟ್ಟಾಗಿದ್ರ ಸಾಕ್ರಿ” ಅಂದು ದುಡ್ಡು ಎಣಿಸಿ ಕೊಡುತ್ತಾರೆ. ಅಲ್ಲಿಂದ ನನಗೆ ಹತ್ತಿದ್ದು ಟೈರಿನ ಹುಚ್ಚು. ಒಂದು ಎಳೆ ಹಿಡಿದು ಎಳೆದರೆ ಬಾದಾಮಿಯ ಬಂಡೆ ಬಂತು, ಫಿನ್ಲೆಂಡಿನ ಒಂದು ಪಟ್ಟಣ ಬಂತು, ಬಾಹ್ಯಾಕಾಶ ನೌಕೆಯೊಂದು ಸ್ಫೋಟಿಸಿದ ಕಥೆ ಬಂತು.

ನೌಕೆಯಿಂದಲೇ ಶುರು ಮಾಡುತ್ತೇನೆ. 1986ರ ಜನವರಿ 28ರಂದು ಅಮೆರಿಕದ ಚಾಲೆಂಜರ್ ಆಕಾಶಕ್ಕೆ ಹಾರಿ ಒಂದು ನಿಮಿಷ ಕಳೆದು ಸ್ವಲ್ಪ ಹೊತ್ತಿಗೆ ಛಿದ್ರವಾಯಿತು. ತನಿಖಾ ಸಮಿತಿಯಲ್ಲಿದ್ದ ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್, ಟಿವಿ ಕ್ಯಾಮೆರಾಗಳ ಎದುರೇ, ರಾಕೆಟ್ಟಿನ ಸಂದಿಗೆ ಹಾಕುವ ರಬ್ಬರ್ ತುಂಡೊಂದನ್ನು ಕ್ಲಾಂಪಿನಲ್ಲಿ ಬಿಗಿದು ಐಸ್ ನೀರಿನ ಲೋಟದಲ್ಲಿ ಅದ್ದಿದರು. ಹೊರಗೆ ತೆಗೆದು ಸಡಿಲಿಸಿದರೆ ರಬ್ಬರು ಕೂಡಲೇ ಪುಟಿದು ಮೊದಲಿನ ಆಕಾರಕ್ಕೆ ಬರಲಿಲ್ಲ! ಚಳಿಯಲ್ಲಿ ರಬ್ಬರ್ ಸೆಟೆದುಕೊಳ್ಳುತ್ತದೆ. ಏಳು ಜನರ ಪ್ರಾಣ ಹೋದದ್ದರ ಹಿಂದೆ ಆ ಸೆಟೆತ ಇತ್ತು.

ಚಳಿದೇಶದವರು ಚಳಿಗಾಲಕ್ಕೆಂದೇ ಬೇರೆ ಟೈರ್ ಹಾಕುವ ಗುಟ್ಟೂ ಇದೇ. ಟೈರು ರಸ್ತೆಯನ್ನು ಹಿಡಿಯುವುದು ಕೇವಲ ಉಜ್ಜಾಟದಿಂದ ಅಂದುಕೊಂಡಿದ್ದೆ. ಹಾಗಲ್ಲವಂತೆ! ಡಾಂಬರಿನ ಮೇಲಿನ ಕಣ್ಣಿಗೆ ಕಾಣದ ಉಬ್ಬುತಗ್ಗುಗಳೊಳಕ್ಕೆ ರಬ್ಬರು ಇಳಿಯಬೇಕು, ಎದ್ದು ಬರಬೇಕು, ಮತ್ತೆ ಇಳಿಯಬೇಕು, ಪ್ರತಿ ಸೆಕೆಂಡಿಗೆ ಸಾವಿರಾರು ಸಲ. ಬೇಸಿಗೆಗೆಂದು ಹದಮಾಡಿದ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಬಿಗಿಯತೊಡಗುತ್ತದೆ, ಆ ಗುಳಿಗಳೊಳಗೆ ಇಳಿಯಲು ಒಲ್ಲೆ ಅನ್ನುತ್ತದೆ. ಹಿಮ ಬಿದ್ದಿರಲೇಬೇಕೆಂದಿಲ್ಲ, ಒಣ ರಸ್ತೆಯಲ್ಲೂ ಹಿಡಿತ ಕಡಿಮೆಯಾಗುತ್ತದೆ. ಅದಕ್ಕೇ ಚಳಿಗಾಲದ ಟೈರಿನ ರಬ್ಬರು ಬೇರೆಯದೇ ಪಾಕ. ಅದರಲ್ಲಿ ಹೇರಳವಾಗಿ ಬೆರೆಸುವ ವಸ್ತು ಸಿಲಿಕಾ. ಚಳಿಯಲ್ಲೂ ರಬ್ಬರನ್ನು ಮೆತ್ತಗಿಟ್ಟು, ಒದ್ದೆ ರಸ್ತೆಯಲ್ಲಿ ಹಿಡಿತ ಕೊಟ್ಟು, ಉರುಳುವಾಗ ಇಂಧನವನ್ನೂ ಉಳಿಸುವ ಮಾಯೆ ಅದು. ಫ್ರಾನ್ಸಿನ ಮಿಶೆಲಿನ್ ಕಂಪನಿ 1992ರಲ್ಲಿ ಸಿಲಿಕಾ ಬೆರೆಸಿದ ಟೈರನ್ನು ಮಾರುಕಟ್ಟೆಗೆ ತಂದ ಮೇಲೆ ಟೈರಿನ ಜಗತ್ತೇ ಬದಲಾಯಿತು.

ಈಗ ಒಂದು ಕ್ಷಣ ಬಾದಾಮಿಗೆ ಬನ್ನಿ. ಅಗಸ್ತ್ಯತೀರ್ಥದ ದಂಡೆಯಲ್ಲಿ ನಿಂತು ತಲೆಯೆತ್ತಿ ನೋಡಿ. ಚಾಲುಕ್ಯರ ಮಂಗಳೇಶ ಕ್ರಿ.ಶ. 578ರಲ್ಲಿ ಮೂರನೆಯ ಗುಹೆಯನ್ನು ವಿಷ್ಣುವಿಗೆಂದು ಕೊರೆಯಿಸಿದನಲ್ಲ, ಆ ಕೆಂಪು ಬಂಡೆ ಯಾವುದು? ಮರಳುಗಲ್ಲು. ಮರಳುಗಲ್ಲು ಅಂದರೆ ಬಹುಪಾಲು ಬೆಣಚು, ಬೆಣಚು ಅಂದರೆ ಸಿಲಿಕಾ! ಕೆಂಪು ಬಂದದ್ದು ಕಬ್ಬಿಣದ ತುಕ್ಕಿನಿಂದ. ಕಾರ್ಖಾನೆಯಲ್ಲಿ ಬೆಣಚು ಮರಳನ್ನು ಸೋಡಾದ ಜೊತೆ ಕರಗಿಸಿ, ಆಮ್ಲ ಬೆರೆಸಿ, ಹಿಟ್ಟಿಗಿಂತ ನುಣುಪಾದ ಸಿಲಿಕಾ ಪುಡಿಯನ್ನು ಇಳಿಸುತ್ತಾರೆ. ಅದು ಟೈರಿನ ಹೊಟ್ಟೆ ಸೇರುತ್ತದೆ. ಬಾದಾಮಿಯ ಬಂಡೆಯನ್ನು ಯಾರೂ ಟೈರಿಗೆ ಹಾಕಿಲ್ಲ, ಹಾಕುವುದೂ ಬೇಡ, ಪುರಾತತ್ವ ಇಲಾಖೆಯವರು ಗಾಬರಿಯಾದಾರು. ಆದರೆ ಚಾಲುಕ್ಯರ ಉಳಿ ಕೊರೆದ ವಸ್ತುವಿನ ಸ್ವಂತ ಬಳಗವೇ ಇವತ್ತು ಕೆನಡಾದ ಹಿಮದಲ್ಲಿ ಕಾರುಗಳನ್ನು ಜಾರದಂತೆ ಹಿಡಿದಿದೆ ಅಂತ ಗೊತ್ತಾದಾಗ ನಾನು ಮೇಣಬಸದಿಯ, ಅಂದರೆ ಆ ಗುಹೆಗಳ, ಮೆಟ್ಟಿಲ ಮೇಲೆ ಅಲ್ಲೇ ಕುಕ್ಕರಿಸಿದೆ.

ಚಳಿಗಾಲದ ಟೈರು ಹುಟ್ಟಿದ್ದು ಫಿನ್ಲೆಂಡಿನಲ್ಲಿ. 1934ರಲ್ಲಿ, ನೋಕಿಯಾ ಎಂಬ ಪಟ್ಟಣದಲ್ಲಿ. ಹೌದು, ಮೊಬೈಲಿಗೆ ಹೆಸರು ಕೊಟ್ಟ ಆ ನೋಕಿಯಾವೇ! ಅಲ್ಲಿನ ರಬ್ಬರ್ ಕಾರ್ಖಾನೆಯವರು ಲಾರಿಗಳಿಗೆಂದು ಮೊದಲ ಹಿಮದ ಟೈರ್ ಮಾಡಿದರು. ಎರಡು ವರ್ಷ ಬಿಟ್ಟು, 1936ರಲ್ಲಿ, ಕಾರುಗಳಿಗೆ ಹಕ್ಕಪೆಲಿಟ್ಟ ಎಂಬ ಟೈರ್ ಬಂತು. ಆ ಹೆಸರಿನ ಟೈರ್ ಇವತ್ತಿಗೂ ಮಾರಾಟದಲ್ಲಿದೆ.

ಅದರ ಮೈಮೇಲೆ ಬ್ಲೇಡಿನಿಂದ ಗೀರಿದ ಹಾಗೆ ನೂರಾರು ಸಣ್ಣ ಸೀಳುಗಳಿರುತ್ತವೆ. ಕಾರು ಚಲಿಸಿದಂತೆ ಒಂದೊಂದು ಸೀಳೂ ಬಾಯಿ ತೆರೆದು ಹಿಮವನ್ನು ಕಚ್ಚುತ್ತದೆ. ದೊಡ್ಡ ತೋಡುಗಳಲ್ಲಿ ಹಿಮ ತುಂಬಿಕೊಂಡು ಗಟ್ಟಿಯಾಗುತ್ತದೆ. “ಅಯ್ಯೋ, ತುಂಬಿಕೊಂಡರೆ ಜಾರುವುದಿಲ್ಲವೇ?” ಅಂದೆ ನಾನು. ಇಲ್ಲ! ಹಿಮ ಹಿಮವನ್ನು ಹಿಡಿಯುತ್ತದೆ! ಮಕ್ಕಳು ಹಿಮದ ಉಂಡೆ ಕಟ್ಟುವುದನ್ನು ಸಿನಿಮಾದಲ್ಲಿ ನೋಡಿದ್ದೇವಲ್ಲ, ಅದೇ ಸಂಗತಿ. ಟೈರಿನ ತೋಡಿನಲ್ಲಿ ಸಿಕ್ಕ ಹಿಮ ರಸ್ತೆಯ ಮೇಲಿನ ಹಿಮಕ್ಕೆ ಅಂಟಿ, ಗಾಡಿಯನ್ನು ಮುಂದಕ್ಕೆ ದೂಡುತ್ತದೆ. ಹಿಮದ ಟೈರು ಹಿಮವನ್ನು ಹೊರಗೆ ಹಾಕುವುದಿಲ್ಲ, ಒಳಗಿಟ್ಟುಕೊಂಡೇ ದುಡಿಸಿಕೊಳ್ಳುತ್ತದೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಹುನಗುಂದದ ಎರಿ ಹೊಲಕ್ಕೆ ಇಳಿಯಿರಿ, ಹದ ಮಳೆಯಾದ ಮರುದಿನ. ಕಪ್ಪು ಮಣ್ಣು ಅಂತ ಪುಸ್ತಕದಲ್ಲಿ ಓದುವುದೇ ಬೇರೆ, ಅದರಲ್ಲಿ ಕಾಲಿಡುವುದೇ ಬೇರೆ. ಮೊದಲ ಹೆಜ್ಜೆಗೆ ಚಪ್ಪಲಿ ಒಂದಿಂಚು ದಪ್ಪಗಾಗುತ್ತದೆ, ಎರಡನೆಯದಕ್ಕೆ ಎರಡಿಂಚು, ನಾಲ್ಕು ಹೆಜ್ಜೆ ನಡೆದರೆ ಚಪ್ಪಲಿ ಅಲ್ಲೇ ಉಳಿದು ನೀವು ಬರಿಗಾಲಲ್ಲಿ ಮುಂದೆ ಇರುತ್ತೀರಿ. ಈ ಮಣ್ಣಿನಲ್ಲಿರುವ ಜೇಡಿಯ ಹೆಸರು ಮಾಂಟ್‌ಮೊರಿಲ್ಲೊನೈಟ್. ಒಂದೊಂದು ಪದರವೂ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಭಾಗದಷ್ಟು ತೆಳು. ಮಳೆ ನೀರು ಆ ಪದರಗಳ ನಡುವೆ ನುಸುಳಿ ಅವನ್ನು ಅಗಲಿಸುತ್ತದೆ. ಮಣ್ಣು ಉಬ್ಬುತ್ತದೆ, ಅಂಟಾಗುತ್ತದೆ, ಮೇಲ್ಮೈ ಎಣ್ಣೆಯಂತಾಗುತ್ತದೆ. ಬೇಸಿಗೆಯಲ್ಲಿ ಅದೇ ನೀರು ಆರಿಹೋಗಿ, ಕೈ ಇಳಿಸಬಹುದಾದಂಥ ಬಿರುಕು ಬಿಡುತ್ತದೆ. ಹಿಂಗಾರಿ ಜೋಳಕ್ಕೆ ತಿಂಗಳುಗಟ್ಟಲೆ ತೇವ ಉಳಿಸಿಕೊಡುವ ಪುಣ್ಯಾತ್ಮ ಮಣ್ಣೂ ಇದೇ, ನಾಲ್ಕು ಚಕ್ರಕ್ಕೂ ಶಕ್ತಿಯಿರುವ ಗಾಡಿಯನ್ನು ಆಕ್ಸಲ್ ಮಟ್ಟ ಹೂತಿಡುವುದೂ ಇದೇ.

ಟೈರಿನ ತೋಡಿನೊಳಗೆ ಎರಿ ತುಂಬಿಕೊಂಡರೆ ಏನಾಗುತ್ತದೆ? ಎರಿ ಎರಿಯನ್ನು ಹಿಡಿಯುವುದಿಲ್ಲ. ತುಂಬಿದ ಟೈರು ನುಣ್ಣಗಿನ ಉರುಳೆಯಾಗಿ, ಎಂಜಿನ್ನಿನ ತಾಕತ್ತೆಲ್ಲ ಅಲ್ಲೇ ಗಿರಗಿರ ತಿರುಗುವುದರಲ್ಲಿ ಮುಗಿಯುತ್ತದೆ. ಇಲ್ಲಿ ಬೇಕಾದದ್ದು ಅಗಲವಾದ ತೋಡು, ದಪ್ಪ ಬಟನ್ (ತೋಡುಗಳ ನಡುವೆ ಎದ್ದು ನಿಲ್ಲುವ ರಬ್ಬರಿನ ಗಟ್ಟಿ), ತಿರುಗುವಾಗ ತನ್ನಷ್ಟಕ್ಕೆ ರಾಡಿಯನ್ನು ಎತ್ತಿ ಎಸೆಯುವ ಮೈಕಟ್ಟು. ಅಂದರೆ ನೋಡಿ, ಎಂ ಮತ್ತು ಎಸ್ ಎರಡೂ ಪಕ್ಕಪಕ್ಕ ಕೂತಿವೆ, ಆದರೆ ಬಯಸುವುದು ತದ್ವಿರುದ್ಧ! ಒಂದಕ್ಕೆ ಹಿಡಿದಿಟ್ಟುಕೊಳ್ಳುವ ಟೈರು ಬೇಕು, ಇನ್ನೊಂದಕ್ಕೆ ಉಗುಳುವ ಟೈರು ಬೇಕು. ಒಂದೇ ಗುರುತಿನ ಕೆಳಗೆ ಈ ಇಬ್ಬರು ವೈರಿಗಳನ್ನು ಸಂಸಾರ ಮಾಡಲು ಬಿಟ್ಟವರ ಧೈರ್ಯ ದೊಡ್ಡದು.

ಅದು ಧೈರ್ಯವಷ್ಟೇ ಅಲ್ಲ, ಸ್ವಲ್ಪ ಜಾಣತನವೂ ಹೌದು ಅಂತ ಆಮೇಲೆ ತಿಳಿಯಿತು. ಎಂ+ಎಸ್ ಹಾಕಲು ಯಾವ ಓಟದ ಪರೀಕ್ಷೆಯೂ ಇಲ್ಲ. ತೋಡುಗಳ ವಿನ್ಯಾಸ ಒಂದು ಮಟ್ಟಕ್ಕಿದ್ದರೆ ತಯಾರಕರು ತಾವೇ ಹಾಕಿಕೊಳ್ಳಬಹುದು. ನಿಜವಾದ ಪರೀಕ್ಷೆ ಇರುವುದು ಇನ್ನೊಂದು ಗುರುತಿಗೆ: ಮೂರು ಶಿಖರಗಳ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು. 1999ರಿಂದ ಬಳಕೆಯಲ್ಲಿದೆ. ಅದನ್ನು ಪಡೆಯಬೇಕಾದರೆ ಗಟ್ಟಿ ಹಿಮದ ಮೇಲೆ ಓಡಿಸಿ, ಒಂದು ನಿಗದಿತ ಮಾದರಿ ಟೈರಿಗಿಂತ ಸುಮಾರು ಶೇ 10ರಷ್ಟು ಹೆಚ್ಚು ಹಿಡಿತ ತೋರಿಸಬೇಕು. ಜರ್ಮನಿಯವರು 2024ರ ಅಕ್ಟೋಬರ್‌ನಿಂದ ಬರೀ ಎಂ+ಎಸ್ ಇದ್ದರೆ ಹಿಮದ ರಸ್ತೆಗೆ ಒಪ್ಪುವುದೇ ಇಲ್ಲ, ಬೆಟ್ಟದ ಗುರುತೇ ಬೇಕು. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಚಳಿಗಾಲದ ಟೈರು ಕಡ್ಡಾಯ. ಮಾಂಟ್ರಿಯಲ್ಲಿನಲ್ಲಿರುವ ನಮ್ಮ ಅಣ್ಣನ ಮಗ ಫೋನಿನಲ್ಲಿ ಅಂದ: “ಕಾಕಾ, ಇಲ್ಲಿ ಎರಡು ಜೋಡಿ ಬೂಟು, ಎರಡು ಜೋಡಿ ಟೈರು. ತಪ್ಪಿದ್ರ ದಂಡ.”

ಅವನ ದೊಡ್ಡ ಗಾಡಿಯ ಬಗ್ಗೆ ಕೇಳುತ್ತಾ ಹೋದಾಗ ಇನ್ನೊಂದು ಸಂಗತಿ ಹೊರಬಿತ್ತು, ನಿಜಕ್ಕೂ ಕುಣಿಯುವಂಥದ್ದು. ಪೋರ್ಷೆ ಕಯೆನ್‌ನಂಥ ಓಟದ ಎಸ್‌ಯುವಿಗಳು ಬೇಸಿಗೆಯಲ್ಲಿ 21 ಇಂಚಿನ ಥಳಥಳಿಸುವ ರಿಮ್ ಹಾಕಿಕೊಂಡು ಮೆರೆಯುತ್ತವೆ. ಚಳಿಗಾಲ ಬಂತೆಂದರೆ ಬಲ್ಲವರು 19 ಇಂಚಿಗೆ ಇಳಿಯುತ್ತಾರೆ. ಲೆಕ್ಕ ಹಾಕಿ ನೋಡಿ. 285/40 ಆರ್ 21 ಅಂದರೆ ಟೈರಿನ ಅಗಲ 285 ಮಿ.ಮೀ., ಅದರ ಶೇ 40ರಷ್ಟು ಎತ್ತರದ ಪಕ್ಕೆ, ಅಂದರೆ 114 ಮಿ.ಮೀ. 255/55 ಆರ್ 19 ಅಂದರೆ 140 ಮಿ.ಮೀ. ಪಕ್ಕೆ. ಎರಡೂ ಚಕ್ರಗಳ ಒಟ್ಟು ವ್ಯಾಸ ಹೆಚ್ಚುಕಡಿಮೆ ಒಂದೇ, ಎರಡು ಮಿ.ಮೀ. ವ್ಯತ್ಯಾಸವೂ ಬರುವುದಿಲ್ಲ! ಮೀಟರ್ ತಪ್ಪು ವೇಗ ತೋರಿಸುವುದಿಲ್ಲ, ಗಾಡಿ ಎತ್ತರ ಬದಲಾಗುವುದಿಲ್ಲ. ರಿಮ್ಮಿಗೂ ರಸ್ತೆಗೂ ನಡುವೆ ಒಂದಿಂಚು ಹೆಚ್ಚು ರಬ್ಬರು, ಗಾಳಿ ಸಿಗುತ್ತದೆ. ಕಿರಿದಾದ ಟೈರು ಹಿಮವನ್ನು ಸೀಳಿ ಇಳಿಯುತ್ತದೆ. ಒಳಗಿನ ಬ್ರೇಕ್ ದೊಡ್ಡದಿದ್ದರೆ ಸಣ್ಣ ರಿಮ್ ಕೂಡುವುದಿಲ್ಲ, ಅದನ್ನು ಮೊದಲೇ ನೋಡಿಕೊಳ್ಳಬೇಕು, ಅಷ್ಟೇ.

ಈಗ ಹೇಳಿ, ಬಾಗಲಕೋಟೆಯ ನವನಗರದಿಂದ ಹೊರಟು ಬಾದಾಮಿ, ಪಟ್ಟದಕಲ್ಲು, ಐಹೊಳೆ, ಅಮೀನಗಡ ಹಾಯ್ದು ಹುನಗುಂದ ಮುಟ್ಟುವ ದಾರಿಗೆ ಯಾವ ಟೈರು ಬೇಕು? ಗುಂಡಿ ಬಿದ್ದ ರಸ್ತೆ, ಹಳ್ಳಿಗೊಂದರಂತೆ ಏಕಾಏಕಿ ಎದ್ದು ನಿಲ್ಲುವ ಹಂಪು, ಒಡ್ಡು ಒಡೆದು ಹರಿದ ಹಳ್ಳ. 114 ಮಿ.ಮೀ. ಪಕ್ಕೆಯ ಟೈರು ಒಂದೇ ಗುಂಡಿಗೆ ಬುಗ್ಗೆಯಂತೆ ಊದಿಕೊಂಡು ಕೂರುತ್ತದೆ. 140ರದು ಬಾಗಿ ಎದ್ದು ಮುಂದೆ ಹೋಗುತ್ತದೆ. ಮಾಂಟ್ರಿಯಲ್ಲಿನ ಹಿಮ ಹೇಳಿಕೊಟ್ಟ ಪಾಠವನ್ನೇ ಐಹೊಳೆಯ ದಾರಿ ಸಹ ಹೇಳುತ್ತಿದೆ: ರಿಮ್ ಇಳಿಸು, ಪಕ್ಕೆ ಏರಿಸು! ರಬ್ಬರಿನಲ್ಲಿ ಜಗಳವಾಡುವ ಎರಡು ಊರುಗಳು ರಿಮ್ಮಿನಲ್ಲಿ ರಾಜಿಯಾಗುತ್ತವೆ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಳ್ಳುತ್ತಾ ನಿಂತಿದ್ದಾಗ ಇದು ಹೊಳೆಯಿತು, ಅಂಗಡಿಯವರಿಗೆ ಚಿಲ್ಲರೆ ಕೊಡುವುದನ್ನೇ ಮರೆತೆ.

ಆದರೆ ಚಳಿಗಾಲದ ರಬ್ಬರನ್ನು ಇಲ್ಲಿಗೆ ತರಬೇಡಿ. ಪುಷ್ಯದ ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆಯುವ ಹೊತ್ತಲ್ಲೂ, ನಸುಕಿನ ಚಳಿಗೆ ಮಂದಿ ಕಂಬಳಿ ಹೊದ್ದು ಕೂತಿದ್ದರೂ, ನಮ್ಮ ಪಾದರಸ 7ಕ್ಕೆ ಇಳಿಯುವುದು ಅಪರೂಪ. ಇಳಿದರೂ ಹೊತ್ತೇರುವಷ್ಟರಲ್ಲಿ ಮೇಲೆ ಹತ್ತಿರುತ್ತದೆ. ಏಪ್ರಿಲ್‌ನಲ್ಲಿ ಗಾಳಿಯ ಉಷ್ಣತೆ 40 ದಾಟಿದಾಗ ಹೆದ್ದಾರಿಯ ಕರಿ ಡಾಂಬರು 60ನ್ನೂ ಮೀರುತ್ತದೆ. ವಿಜಯಪುರದಿಂದ ಹುನಗುಂದ, ಇಳಕಲ್ಲು ದಾಟಿ ಹೊಸಪೇಟೆಗೆ ಓಡುವ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಆ ಮೆತ್ತನೆಯ ರಬ್ಬರಿನ ಬಟನ್‌ಗಳು ಅಲುಗಾಡಿ, ಬ್ರೇಕ್ ಹಾಕಿದರೆ ಗಾಡಿ ಇನ್ನಷ್ಟು ಮುಂದೆ ಹೋಗಿ ನಿಲ್ಲುತ್ತದೆ, ಟೈರು ಬೇಗ ಸವೆದು ಹೋಗುತ್ತದೆ.

ಇಂಥ ದೊಡ್ಡ ಗಾಡಿಯ ಅಷ್ಟೊಂದು ಭಾರ ನಿಂತಿರುವುದು ಎಷ್ಟು ಜಾಗದ ಮೇಲೆ ಗೊತ್ತೇ? 2,200 ಕಿಲೊ ಗಾಡಿ, ಚಕ್ರಕ್ಕೆ 550 ಕಿಲೊ. 35 ಪಿಎಸ್‌ಐ ಗಾಳಿ ಅಂದರೆ ಚದರ ಸೆಂಟಿಮೀಟರಿಗೆ ಸುಮಾರು ಎರಡೂವರೆ ಕಿಲೊ. ಭಾಗಿಸಿದರೆ 220 ಚದರ ಸೆಂಟಿಮೀಟರ್ ಚಿಲ್ಲರೆ. ಜೋಳದ ರೊಟ್ಟಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು! ಗಂಟೆಗೆ ನೂರು ಕಿ.ಮೀ. ವೇಗದಲ್ಲಿ ಮನೆ ಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗುವಾಗ ನೆಲಕ್ಕೂ ನಮಗೂ ಇರುವ ಸಂಬಂಧ ನಾಲ್ಕು ಅರ್ಧ ರೊಟ್ಟಿಗಳಷ್ಟೇ.

ಗಾಳಿಯ ಆಟ ಇನ್ನೂ ಮಜಾ. ನಸುಕಿನಲ್ಲಿ 15 ಡಿಗ್ರಿ ಇದ್ದಾಗ 33 ಪಿಎಸ್‌ಐ ಹೊಡೆಸಿಕೊಂಡು ಹೊರಟಿರಿ ಅನ್ನಿ. ಓಡಿ ಓಡಿ, ಬಿಸಿಲು ಬಡಿದು ಟೈರಿನೊಳಗಿನ ಗಾಳಿ 45 ಡಿಗ್ರಿಗೆ ಕಾದರೆ ಅದೇ ಗಾಳಿ 38 ಪಿಎಸ್‌ಐ ತೋರಿಸುತ್ತದೆ. ಅದನ್ನು ನೋಡಿ ಹೆದರಿ ದಾರಿಯಲ್ಲಿ ಗಾಳಿ ಬಿಡಿಸುವವರಿದ್ದಾರೆ. ಬಿಡಿಸಬಾರದು! ತಣ್ಣಗಾದ ಮೇಲೆ ಕಡಿಮೆಯಾಗುತ್ತದೆ, ಕಡಿಮೆ ಗಾಳಿಯ ಟೈರು ಪಕ್ಕೆ ಮಡಚಿ ಮಡಚಿ ಒಳಗೊಳಗೇ ಕಾಯುತ್ತದೆ, ಹೆದ್ದಾರಿಯಲ್ಲಿ ಟೈರ್ ಸಿಡಿಯುವುದರ ಹಿಂದೆ ಹಲವು ಸಲ ಈ ಕಾಯುವಿಕೆಯೇ ಇರುತ್ತದೆ. ಕಾದರೆ ಹಿಗ್ಗುವುದು, ತಣಿದರೆ ಕುಗ್ಗುವುದು ಎಂಬ ಶಾಖದ ವಿದ್ಯೆ ಹಳೇ ಕಾಲದ ಕಮ್ಮಾರರಿಗೆ ಕರತಲಾಮಲಕ. ಕಬ್ಬಿಣದ ಪಟ್ಟಿಯನ್ನು ಕೆಂಡದಲ್ಲಿ ಕೆಂಪಗೆ ಕಾಯಿಸಿ, ಹಿಗ್ಗಿದಾಗ ಚಕ್ಕಡಿಯ ಗಾಲಿಗೆ ತೊಡಿಸಿ, ನೀರು ಸುರಿದು ಕುಗ್ಗಿಸಿ ಬಿಗಿಯುತ್ತಿದ್ದರು. ಮೊಳೆಯ ಹಂಗಿಲ್ಲದೆ ಗಾಲಿ ಒಂದಾಗುತ್ತಿತ್ತು.

ಹಾಗಾದರೆ ನಮ್ಮ ಚಳಿಗಾಲಕ್ಕೆ ಅಪಾಯವೇ ಇಲ್ಲವೇ? ಇದೆ. ಕಬ್ಬು! ಮುಧೋಳ, ಜಮಖಂಡಿ ಕಡೆ ಕಬ್ಬು ನುರಿಸುವ ಹಂಗಾಮು ನಡೆಯುವುದೇ ಚಳಿಗಾಲದಲ್ಲಿ. ಹೊಲದಿಂದ ಮೇಲೆ ಬರುವ ಟ್ರ್ಯಾಕ್ಟರು, ಅದರ ಹಿಂದೆ ಎರಡು ಟ್ರೇಲರು, ಎಂಟು ಹತ್ತು ಗಾಲಿಗಳಿಂದ ಉದುರುವ ಎರಿ ಡಾಂಬರಿನ ಮೇಲೆ ಪಟ್ಟೆ ಪಟ್ಟೆಯಾಗಿ ಬೀಳುತ್ತದೆ. ನಸುಕಿನ ಇಬ್ಬನಿ ಅದನ್ನು ನೆನೆಸುತ್ತದೆ. ಆ ಕಪ್ಪು ತೆಳು ಲೇಪ ಕಪ್ಪು ರಸ್ತೆಯ ಮೇಲೆ ಕಣ್ಣಿಗೆ ಕಾಣಿಸುವುದೂ ಇಲ್ಲ. ಮಾಂಟ್ರಿಯಲ್ಲಿನವರು ರಸ್ತೆಯ ಮೇಲಿನ ಕಾಣದ ಮಂಜುಗಡ್ಡೆಗೆ ಹೆದರುತ್ತಾರಲ್ಲ, ನಮ್ಮದು ಅದರ ಸ್ವಂತ ತಮ್ಮ! ಮುಂದೆ ಹೋಗುವ ಟ್ರೇಲರಿಗೆ ಹಿಂದೀಪ ಇರುವ ಭರವಸೆಯೂ ಇಲ್ಲ. ಇಲ್ಲಿ ಟೈರಿಗಿಂತ ಮೊದಲು ಕೆಲಸಕ್ಕೆ ಬರುವುದು ಬಲಗಾಲು, ಅದನ್ನು ಎತ್ತಬೇಕು.

ನನ್ನನ್ನು ಕೇಳಿದರೆ, ಹೆದ್ದಾರಿಯಲ್ಲೇ ಓಡುವ ಓಟದ ಗಾಡಿಗೆ ಒದ್ದೆಯಲ್ಲಿ ಚೆನ್ನಾಗಿ ನಿಲ್ಲುವ ಬೇಸಿಗೆ ಟೈರು, ಒಂದೆರಡು ಇಂಚು ಸಣ್ಣ ರಿಮ್ಮಿನಲ್ಲಿ. ಭಾರದ ಅಂಕಿ, ವೇಗದ ಅಕ್ಷರ ಕಂಪನಿ ಹೇಳಿದ್ದಕ್ಕಿಂತ ಕೆಳಗಿಳಿಯಬಾರದು: 110 ಅಂದರೆ ಒಂದು ಟೈರು 1,060 ಕಿಲೊ ಹೊರುತ್ತದೆ, ಎಚ್ ಅಂದರೆ 210 ಕಿ.ಮೀ. ವೇಗ ತಾಳುತ್ತದೆ. ದಿನಾ ಹೊಲಕ್ಕೆ ಹೋಗುವ ಸ್ಕಾರ್ಪಿಯೊ, ಫಾರ್ಚುನರ್‌ಗಳಿಗೆ ಎಟಿ (ಆಲ್ ಟೆರೇನ್) ಟೈರು. ರಾಕ್ಷಸನಂತೆ ಕಾಣುವ ಮಡ್ ಟೈರು ಸೊಗಸು ನಿಜ, ಆದರೆ ಮಳೆಯ ಡಾಂಬರಿನಲ್ಲಿ ಅದು ನಿಲ್ಲುವುದು ತಡ, ಸದ್ದು ಬೇರೆ. ಬಟನ್ 1.6 ಮಿ.ಮೀ.ಗೆ ಸವೆದರೆ ಕಾನೂನೇ ಸಾಕು ಅನ್ನುತ್ತದೆ. ಎರಿಯಲ್ಲಿ ಓಡಾಡುವವರು ಅದಕ್ಕೂ ಬಹಳ ಮೊದಲೇ ಬದಲಿಸಬೇಕು. ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನೂ ಓದಿಸಿಕೊಳ್ಳಿ: 1425 ಅಂದರೆ 2025ರ ಹದಿನಾಲ್ಕನೇ ವಾರ ಹುಟ್ಟಿದ್ದು. ಇನ್ನು ಅಟಲ್ ಸುರಂಗ 2020ರಲ್ಲಿ ತೆರೆದ ಮೇಲೆ ಜನವರಿಯಲ್ಲೂ ಮನಾಲಿ ದಾಟಿ ಲಾಹೌಲಿಗೆ ಹೊರಡುವ ಹುಡುಗರು ನಮ್ಮ ಕಡೆಯೂ ಇದ್ದಾರೆ. ಎಂ+ಎಸ್ ನಂಬಿ ಹೋಗಬೇಡಿ ತಮ್ಮಂದಿರಾ, ಡಿಕ್ಕಿಯಲ್ಲಿ ಟೈರಿಗೆ ಸುತ್ತುವ ಸರಪಳಿ ಇರಲಿ.

ಕೊನೆಗೂ ನನ್ನನ್ನು ಕಾಡುತ್ತಿರುವುದು ಆ ಎಂ. ಹಿಮಕ್ಕೆ ಪರೀಕ್ಷೆ ಇದೆ, ಮಂಜುಗಡ್ಡೆಗೆ ಬೇರೆ ಗುರುತಿದೆ, ಒದ್ದೆ ರಸ್ತೆಗೆ ಅಂಕ ಕೊಡುತ್ತಾರೆ. ಆ ಸಾಲಿನಲ್ಲಿ ಎರಿ ಇಲ್ಲವೇ ಇಲ್ಲ! ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಬಸವೇಶ್ವರ ಎಂಜಿನಿಯರಿಂಗ್ ಕಾಲೇಜು 1963ರಿಂದ ಇದೆ, ಅರ್ಧ ಗಂಟೆಯ ದಾರಿಯಲ್ಲಿ ಬೇಕಾದಷ್ಟು ಎರಿ ಇದೆ. ಒಂದು ಎಕರೆ ಹೊಲ, ಒಂದು ಟ್ಯಾಂಕರ್ ನೀರು, ಎಳೆತ ಅಳೆಯುವ ಒಂದು ಮಾಪಕ ಕಟ್ಟಿದ ಹಗ್ಗ, ಎರಡು ಗಾಡಿ, ಹೋಲಿಸಲು ಒಂದು ಮಾದರಿ ಟೈರು. ನೀರು ಎಷ್ಟು ಇಂಗಿರಬೇಕು, ತೋಡಿನೊಳಗೆ ಉಳಿದ ಮಣ್ಣನ್ನು ಎಷ್ಟು ಸುತ್ತಿನ ಮೇಲೆ ತೂಗಬೇಕು, ಉಗುಳಿದ್ದಕ್ಕೆ ಅಂಕ ಎಷ್ಟು, ಎಳೆದದ್ದಕ್ಕೆ ಎಷ್ಟು ಎಂಬುದನ್ನು ಹುಡುಗರು ಕೂತು ಗೊತ್ತು ಮಾಡಿದರಾಯಿತು. ಮುಂಗಾರು ಶುರುವಾಗುವುದರೊಳಗೆ ಹೊಲದ ಮಾಲೀಕರೊಬ್ಬರನ್ನು ಒಪ್ಪಿಸುವ ಜವಾಬ್ದಾರಿ ನನ್ನದು.